ವಿಷ ಇಳಿಸುವವನು ವಿಸ್ಮಯ ಹಂಚಿದ

ಮ್ಯಾಜಿಕ್ ಎಂದರೆ ಮಕ್ಕಳಿಗೆ ಗೊತ್ತು. ಗಾರುಡಿಗ ಎಂದರೆ? ಹಾವಿನ ವಿಷಕ್ಕೆ ಮಂತ್ರ ಹಾಕುತ್ತಿದ್ದವನ ಹೆಸರು ಜಾತ್ರೆಯ ಚಮತ್ಕಾರಕ್ಕೆ ಅಂಟಿತು, ಅಲ್ಲಿಂದ ಧಾರವಾಡದ ಕವಿಯ ಹೆಗಲೇರಿತು. ಬಾಯಿಂದ ಬಾಯಿಗೆ ದಾಟುವುದನ್ನು ನಿಲ್ಲಿಸುತ್ತಿರುವ ಒಂದು ಕನ್ನಡ ಪದದ ಜಾಡು ಹಿಡಿದು...

ಸಕಲೇಶಪುರದ ಬಳಿಯ ದೋಣಿಗಲ್‌ನ ಕಾಫಿ ಕಣದಲ್ಲಿ ರೊಬಸ್ಟಾ ಹಣ್ಣು ಒಣಗುತ್ತಿತ್ತು. ಕೆಳಗೆ ಹೆದ್ದಾರಿಯಲ್ಲಿ ಶಿರಾಡಿ ಘಾಟಿ ಹತ್ತಿ ಬಂದ ಲಾರಿಗಳ ಏದುಸಿರು. ಮಧ್ಯಾಹ್ನದ ಬಿಸಿಲಿಗೆ ಸಿಲ್ವರ್ ಓಕ್ ಮರಗಳ ನೆರಳು ಕಣದ ಅಂಚಿಗೆ ಸರಿದಿತ್ತು. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಆಳುಗಳ ನಡುವೆ ಒಬ್ಬಾತ ಬಂದು ಹೆಗಲ ಜೋಳಿಗೆ ಇಳಿಸಿದ.

ಒಂದು ಮಾಸಿದ ಬಟ್ಟೆ ಹಾಸಿದ. ಮೂರು ಬಟ್ಟಲು ಬೋರಲು ಹಾಕಿದ. ಕಣದಿಂದಲೇ ಒಂದು ಕಾಫಿ ಹಣ್ಣು ಹೆಕ್ಕಿ ನಡುವಿನ ಬಟ್ಟಲ ಕೆಳಗೆ ಇಟ್ಟ. ಎತ್ತಿದರೆ ಹಣ್ಣಿಲ್ಲ. ಎಡಗಡೆಯದು ಎತ್ತಿದ, ಅಲ್ಲೂ ಇಲ್ಲ. ಕೊನೆಗೆ ಮುಂದೆ ಕೂತ ಹುಡುಗನ ಕಿವಿಯ ಹಿಂದಿನಿಂದ ಹಣ್ಣು ತೆಗೆದ.

ಲೈನ್ ಮನೆಯ ಹೊಸ್ತಿಲಲ್ಲಿದ್ದ ಅಜ್ಜಿ ಕೂಗಿ ಹೇಳಿದಳು: “ಗಾರುಡಿಗ ಬಂದವ್ನೆ, ಬನ್ರೋ!”

“ಗಾರುಡಿಗ ಅಲ್ಲ ಅಜ್ಜಿ, ಮ್ಯಾಜಿಕ್” ಅಂದ ಹುಡುಗ. ಆಮೇಲೆ ಅನುಮಾನ ಬಂತು ಅವನಿಗೆ. “ಗಾರುಡಿಗ ಅಂದ್ರೆ ಏನಜ್ಜಿ?”

“ಇಲ್ಲದ್ದು ತೋರ್ಸೋನು, ಇದ್ದದ್ದು ಅಡಗ್ಸೋನು ಕಣ್ ಮಗ.”

ಇಷ್ಟು ಚೆನ್ನಾದ ಅರ್ಥವಿವರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಆ ಪದ ಅಜ್ಜಿಯ ಬಾಯಿಗೆ ಬಂದು ಸೇರಿದ ದಾರಿ ಅವಳಿಗೂ ಗೊತ್ತಿರಲಿಲ್ಲ. ಆ ದಾರಿ ಶುರುವಾಗುವುದು ಬಟ್ಟಲು-ಗುಂಡಿನಿಂದಲ್ಲ, ಹಾವಿನಿಂದ.

ಫೆಬ್ರುವರಿ ಎಂದರೆ ನಮ್ಮ ಕಡೆ ಜಾತ್ರೆಗಳ ಕಾಲ. ಸಕಲೇಶಪುರದಲ್ಲಿ ಸಕಲೇಶ್ವರಸ್ವಾಮಿಯ ತೇರು. ಆ ತಿಂಗಳ 23ನೇ ತಾರೀಖು ಭಾರತದ ಜಾದೂಗಾರರಿಗೂ ಹಬ್ಬ. 1913ರ ಆ ದಿನ ಪಿ.ಸಿ. ಸರ್ಕಾರ್ ಹುಟ್ಟಿದರು. ತಮ್ಮ ಪ್ರದರ್ಶನಕ್ಕೆ ಅವರು ಇಟ್ಟ ಹೆಸರು ‘ಇಂದ್ರಜಾಲ’. ಹಳೆಯ ಪದವೊಂದನ್ನು ಜಗತ್ತಿನ ರಂಗಮಂದಿರಗಳಿಗೆ ಹೊತ್ತೊಯ್ದ ಅವರು 1971ರ ಜನವರಿ 6ರಂದು ಜಪಾನಿನಲ್ಲಿ, ಪ್ರದರ್ಶನದ ಪ್ರವಾಸದಲ್ಲೇ ತೀರಿಕೊಂಡರು. ಇಂದ್ರಜಾಲ ಹೀಗೆ ಉಳಿಯಿತು. ಅದರ ಪಕ್ಕದ ಮನೆಯ ಪದ ಗಾರುಡಿಗನನ್ನು ಯಾರು ಹೊತ್ತೊಯ್ದರು?

ಗರುಡನ ಮಕ್ಕಳು

ಗರುಡ ಹಾವುಗಳ ವೈರಿ. ಅಮೃತ ತಂದವನು. ಹಾಗಾಗಿ ವಿಷ ಇಳಿಸುವ ವಿದ್ಯೆಗೆ ಅವನೇ ಒಡೆಯ. ಸಂಸ್ಕೃತದಲ್ಲಿ ಗರುಡನಿಗೆ ಸೇರಿದ್ದೆಲ್ಲ ‘ಗಾರುಡ’. ವಿಷ ತೆಗೆಯುವ ಮಂತ್ರ ಗಾರುಡ, ವಿಷ ಹೀರುತ್ತದೆಂದು ನಂಬಿದ ಹಸಿರು ಹರಳೂ ಗಾರುಡ. ಶೈವ ಪರಂಪರೆಯಲ್ಲಿ ಗಾರುಡ ತಂತ್ರಗಳೆಂಬ ಗ್ರಂಥಗಳ ಒಂದು ಗುಂಪೇ ಇತ್ತು. ಅದನ್ನು ಬಲ್ಲವನು ಗಾರುಡಿಕ. ಕನ್ನಡದ ನಾಲಿಗೆಯಲ್ಲಿ ‘ಕ’ ಕರಗಿ ‘ಗ’ ಆಯಿತು: ಗಾರುಡಿಗ.

ಈ ವಿದ್ಯೆಗೆ ಕನ್ನಡದಲ್ಲಿ ದೊಡ್ಡ ಪುಸ್ತಕವೇ ಇದೆ. 14ನೇ ಶತಮಾನದ ಜೈನ ಕವಿ ಮಂಗರಾಜನ ‘ಖಗೇಂದ್ರಮಣಿದರ್ಪಣ’. ಖಗೇಂದ್ರ ಎಂದರೆ ಹಕ್ಕಿಗಳ ರಾಜ, ಅಂದರೆ ಗರುಡ. ಅದು ವಿಷಚಿಕಿತ್ಸೆಯ ಗ್ರಂಥ. ವಿಷವೈದ್ಯದ ಇಷ್ಟು ವಿಸ್ತಾರವಾದ ತಿಳಿವಳಿಕೆಯನ್ನು ಆ ಕಾಲಕ್ಕೇ ಜನರ ನುಡಿಯಲ್ಲಿ ಪದ್ಯವಾಗಿ ಬರೆದಿಟ್ಟ ಮಂಗರಾಜನನ್ನು ನಮ್ಮ ಶಾಲೆಗಳು ಇನ್ನೂ ಸರಿಯಾಗಿ ನೆನೆದಿಲ್ಲ.

ಹಾಗಾದರೆ ಔಷಧಿ ಕೊಡುವವನ ಹೆಸರು ಆಟ ಕಟ್ಟುವವನಿಗೆ ಹೋದದ್ದು ಹೇಗೆ?

ಮಲೆನಾಡಿನವರು ಸ್ವಲ್ಪ ಯೋಚಿಸಿದರೆ ಉತ್ತರ ಹೊಳೆಯುತ್ತದೆ. ತೋಟದಲ್ಲಿ ಕಾಣುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವೂ ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ಅಂಥ ಕಡಿತಕ್ಕೆ ಮಂತ್ರ ಹಾಕಿದವನಿಗೆ ಗೆಲುವು ಖಚಿತ. ಸತ್ತಂತೆ ಬಿದ್ದವನು ಎದ್ದು ಕೂತದ್ದನ್ನು ಊರೇ ನೋಡಿತು, ಬಾಯಿಗೆ ಬಾಯಿ ಸೇರಿ ಅದು ಪವಾಡವಾಯಿತು. ಹಾವು ಹಿಡಿದವನು ಅದನ್ನು ಬುಟ್ಟಿಯಲ್ಲಿಟ್ಟು ಸಂತೆಗೆ ತಂದ. ಬೇರು-ತಾಯಿತ ಮಾರಲು ಜನ ಸೇರಬೇಕು. ಜನ ಸೇರಿಸಲು ಆಟ ಬೇಕು. ಬುಟ್ಟಿಯ ಹಾವು ಮಾಯವಾಗಬೇಕು, ಖಾಲಿ ಮುಷ್ಟಿಯಲ್ಲಿ ಚೇಳು ಕಾಣಬೇಕು. ಬರಬರುತ್ತಾ ಬೇರು ಹಿಂದೆ ಸರಿಯಿತು, ಆಟ ಮುಂದೆ ಬಂತು. ನನಗೆ ಕಾಣುವ ದಾರಿ ಇದು.

ನೆರೆಯ ಭಾಷೆಗಳು ಈ ಪ್ರಯಾಣದ ಒಂದೊಂದು ನಿಲ್ದಾಣದಲ್ಲಿ ನಿಂತುಬಿಟ್ಟಿವೆ. ಹಿಂದಿಯ ಗಾರುಡಿ ಇವತ್ತಿಗೂ ವಿಷದ ಮಂತ್ರವಾದಿ. ಮರಾಠಿಯ ಗಾರುಡಿ ಹಾವಾಡಿಗನೂ ಹೌದು, ಆಟ ತೋರಿಸುವವನೂ ಹೌದು. ತೆಲುಗಿನ ಗಾರಡಿ ಎಂದರೆ ಕಣ್ಕಟ್ಟು. ಕನ್ನಡ ಒಂದೇ ಇನ್ನೂ ಒಂದು ನಿಲ್ದಾಣ ಮುಂದೆ ಹೋಗಿ ಕಾವ್ಯದಲ್ಲಿ ಇಳಿಯಿತು. ಆ ಮಾತು ಮುಂದೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಪದ ಚೆಂದ, ಆದರೆ ಹಾವು ಕಚ್ಚಿದಾಗ ಬೇಕಾದ್ದು ಆಸ್ಪತ್ರೆಯ ಪ್ರತಿವಿಷ ಮಾತ್ರ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಮಂತ್ರ ಹಾಕಿಸುತ್ತಾ ಕಳೆದ ಒಂದೊಂದು ಗಳಿಗೆಯೂ ಜೀವದ ಲೆಕ್ಕದಲ್ಲಿ ಕಡಿತವಾಗುತ್ತದೆ.

---

■ ಹಾಸನ ಜಿಲ್ಲೆಯ ಇನ್ನೊಂದು ಗರುಡ

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಒಂದು ಗರುಡಗಂಬವಿದೆ. ಹೊಯ್ಸಳ ಅರಸರಿಗೆ ‘ಗರುಡ’ರೆಂಬ ಅಂಗರಕ್ಷಕರಿದ್ದರು. ಒಡೆಯ ಸತ್ತರೆ ತಾವೂ ಬದುಕುವುದಿಲ್ಲವೆಂದು ಮಾತು ಕೊಟ್ಟವರು. 1220ರಲ್ಲಿ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅಂಥ ಗರುಡನಾದ ಕುವರ ಲಕ್ಷ್ಮ ತನ್ನ ಹೆಂಡತಿ ಮತ್ತು ಸಂಗಡಿಗರೊಡನೆ ಪ್ರಾಣ ಬಿಟ್ಟದ್ದನ್ನು ಈ ಕಂಬದ ಶಾಸನ ಹೇಳುತ್ತದೆ. ತಲೆ ಕತ್ತರಿಸಿಕೊಳ್ಳುತ್ತಿರುವ ವೀರರ ಕೆತ್ತನೆ ಅದರ ಮೇಲಿದೆ. ಒಂದೇ ಹಕ್ಕಿಯ ಹೆಸರು ಒಂದೇ ನಾಡಿನಲ್ಲಿ ವೀರನಿಗೂ ಸಂದಿತು, ವಿಷವೈದ್ಯನಿಗೂ ಸಂದಿತು.

---

ದೋಣಿ ತೇಲಿಸಿದವರು

ಮಂಗರಾಜ ಬಾಳಿದ ಶತಮಾನದಲ್ಲೇ ಇಂಗ್ಲೆಂಡಿನಲ್ಲಿ ಜೆಫ್ರಿ ಚಾಸರ್ ಇದ್ದ. ಅವನ ‘ಕ್ಯಾಂಟರ್‌ಬರಿ ಕತೆಗಳು’ ಕೃತಿಯಲ್ಲಿ ಒಂದು ಪದ ಬರುತ್ತದೆ: ಟ್ರೆಜಿಟರ್. ಈಗ ಇಂಗ್ಲಿಷಿನವರಿಗೇ ಅರ್ಥವಾಗದ ಪದ. ಅರ್ಥ, ಗಾರುಡಿಗ.

ಔತಣದ ಹಜಾರಗಳಲ್ಲಿ ಟ್ರೆಜಿಟರುಗಳು ಏನೇನು ತೋರಿಸುತ್ತಾರೆಂದು ಆ ಕತೆ ಪಟ್ಟಿ ಕೊಡುತ್ತದೆ. ಉಗ್ರ ಸಿಂಹ, ಹುಲ್ಲುಗಾವಲಿನ ಹೂವು, ಕೆಂಪು-ಬಿಳಿ ದ್ರಾಕ್ಷಿಯ ಬಳ್ಳಿ, ಗಾರೆಕಲ್ಲಿನ ಕೋಟೆ. ಎಲ್ಲಕ್ಕಿಂತ ಮೊದಲು, ಹಜಾರದೊಳಗೆ ನೀರು ಬರಿಸಿ ಅದರ ಮೇಲೆ ದೋಣಿ ತೇಲಿಸುತ್ತಾರೆ, ಆಚೆಯಿಂದ ಈಚೆಗೆ ಹುಟ್ಟು ಹಾಕುತ್ತಾರೆ.

ದೋಣಿಗಲ್‌ನಲ್ಲಿ ಕೂತು ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಹೊಳೆಯೂ ಕಡಲೂ ಇಲ್ಲದ ಗುಡ್ಡದ ತಲೆಯ ಮೇಲೆ ಈ ಊರಿನ ಹೆಸರಿನಲ್ಲೊಂದು ದೋಣಿ ಇದೆ. ಕಿವಿಗೊಟ್ಟರೆ ದೋಣಿ ಮತ್ತು ಕಲ್ಲು ಎರಡೂ ಕೇಳುತ್ತವೆ. ನಮ್ಮಲ್ಲಿ ದನಕ್ಕೆ ನೀರಿಡುವ ಕಲ್ಲಿನ ತೊಟ್ಟಿಗೂ ದೋಣಿ ಎನ್ನುತ್ತೇವೆ, ಸೂರಿನ ನೀರು ಹರಿಸುವ ದಂಬೆಗೂ ದೋಣಿ ಎನ್ನುತ್ತೇವೆ.

ಚಾಸರನ ದೋಣಿ ಬರೀ ಕಲ್ಪನೆಯಲ್ಲ. 1378ರಲ್ಲಿ ಪ್ಯಾರಿಸಿನಲ್ಲಿ ದೊರೆ ಐದನೇ ಚಾರ್ಲ್ಸ್ ಚಕ್ರವರ್ತಿಯೊಬ್ಬನಿಗೆ ಕೊಟ್ಟ ಔತಣದಲ್ಲಿ ಹಡಗಿನ ಮಾದರಿಯನ್ನು ಹಜಾರದೊಳಗೆ ಉರುಳಿಸಿಕೊಂಡು ತಂದಿದ್ದರು. ನೋಡಿದವರಿಗೆ ಅದು ತೇಲಿದಂತೆಯೇ ಕಂಡಿರಬೇಕು.

ಟ್ರೆಜಿಟರ್ ಪದದ ಬೇರು ಫ್ರೆಂಚಿನಲ್ಲಿದೆ. ಆಚೆಗೆ ಎಸೆಯುವುದು ಎಂಬ ಅರ್ಥ. ವಸ್ತುವನ್ನು ಒಂದು ಕೈಯಿಂದ ಇನ್ನೊಂದಕ್ಕೆ, ಕಣ್ಣಿಗೆ ಕಾಣದಂತೆ ದಾಟಿಸುವುದು. ಆ ಪದ ಸತ್ತಿತು. ಅದರ ಜಾಗಕ್ಕೆ ‘ಜಗ್ಲರ್’ ಬಂತು. ಅದರ ತಾಯಿ ಲ್ಯಾಟಿನಿನ ‘ಯೋಕುಲಾಟೋರ್’, ನಗಿಸುವವನು. ಜೋಕ್ ಎಂಬ ಪದವೂ ಅದೇ ಬೇರಿನದು. ಇವತ್ತು ಜಗ್ಲರ್ ಎಂದರೆ ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವವನು ಮಾತ್ರ. 19ನೇ ಶತಮಾನದವರೆಗೂ ಅದು ಕಣ್ಕಟ್ಟಿನವನ ಹೆಸರಾಗಿತ್ತು.

ಆ ಪದದ ಕತೆಯಲ್ಲಿ ನಮ್ಮ ನೆರೆಯವನೊಬ್ಬ ಇದ್ದಾನೆ. ಮದರಾಸಿನ ಕಡೆಯಿಂದ ಹೋದ ರಾಮಸ್ವಾಮಿ, ಇಂಗ್ಲಿಷರ ಬಾಯಲ್ಲಿ ರಾಮೋ ಸಾಮಿ. 19ನೇ ಶತಮಾನದ ಮೊದಲ ದಶಕಗಳಲ್ಲಿ ಲಂಡನ್ನಿನ ರಂಗಗಳಲ್ಲಿ ಹಿತ್ತಾಳೆ ಗುಂಡು ಆಡಿಸಿ, ಕತ್ತಿ ನುಂಗಿ ಹೆಸರಾದ. ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ ‘ಇಂಡಿಯನ್ ಜಗ್ಲರ್ಸ್’ ಎಂಬ ಪ್ರಬಂಧ ಬರೆದದ್ದು ಆ ಕಾಲದ ಇಂಥ ಆಟ ನೋಡಿ. ಆ ಕೈಗಳ ಪರಿಪೂರ್ಣತೆಯ ಮುಂದೆ ತನ್ನ ಬರವಣಿಗೆ ಎಷ್ಟು ಅರೆಕೊರೆಯದೆಂದು ಆತ ಅಲ್ಲಿ ಒಪ್ಪಿಕೊಳ್ಳುತ್ತಾನೆ. ರಾಮಸ್ವಾಮಿ 1850ರಲ್ಲಿ ಬಡತನದಲ್ಲಿ ಸತ್ತ. ಮಣ್ಣು ಮಾಡುವುದಕ್ಕೂ ದುಡ್ಡಿಲ್ಲದೆ ಅವನ ಹೆಂಡತಿ ಸಾರ್ವಜನಿಕರ ಮುಂದೆ ಕೈಚಾಚಬೇಕಾಯಿತು. ಊರೂರು ಬೆರಗು ಹಂಚಿದವರ ಮನೆಯಲ್ಲಿ ಉಳಿಯುವುದು ಬಹಳ ಸಲ ಇಷ್ಟೇ.

ಇನ್ನೊಂದು ಹಳೆಯ ಇಂಗ್ಲಿಷ್ ಪದ ‘ಲೆಜರ್‌ಡಿಮೇನ್’. ಫ್ರೆಂಚಿನಲ್ಲಿ ಅದರ ಅರ್ಥ ಹಗುರ ಕೈ. ಈಗ ನಮ್ಮ ಕಡೆ ನೋಡಿ. ವಾತ್ಸ್ಯಾಯನ ಹೇಳಿದ 64 ಕಲೆಗಳಲ್ಲಿ ಐಂದ್ರಜಾಲದ ಜೊತೆಗೇ ಇನ್ನೊಂದಿದೆ: ಹಸ್ತಲಾಘವ. ಲಾಘವ ಎಂದರೆ ಹಗುರತನ. ಎರಡು ದೂರದ ನಾಡುಗಳು ಒಬ್ಬರನ್ನೊಬ್ಬರು ಕೇಳದೆ ಒಂದೇ ಹೆಸರಿಟ್ಟಿವೆ. ಕನ್ನಡ ಅದನ್ನು ಇನ್ನೂ ಚುರುಕು ಮಾಡಿ ‘ಕೈಚಳಕ’ ಎಂದಿತು. ಪದದ ಸದ್ದಿನಲ್ಲೇ ಬೆರಳು ಚಳಕ್ಕನೆ ಸರಿಯುತ್ತದೆ.

---

■ ಜೋಳಿಗೆಯೊಳಗಿನ ಪದಗಳು

ಇಂದ್ರಜಾಲ: ಇಂದ್ರನ ಬಲೆ. ಅಥರ್ವವೇದದ 8ನೇ ಕಾಂಡದಲ್ಲಿ ಇಂದ್ರ ಶತ್ರುಸೇನೆಯ ಮೇಲೆ ಬೀಸುವ ಬಲೆ ಅದು.

ಜಾದೂ: ಪಾರಸಿಯಿಂದ ಬಂದದ್ದು. ಸಂಸ್ಕೃತದ ‘ಯಾತು’ ಇದರ ಬಂಧು. ರಾಮಾಯಣದ ಯಾತುಧಾನರು ಇದೇ ಮನೆತನದವರು.

ಮ್ಯಾಜಿಕ್: ಪ್ರಾಚೀನ ಪರ್ಷಿಯಾದ ಪುರೋಹಿತರಾದ ಮಗರ ಹೆಸರು ಗ್ರೀಕರ ಬಾಯಿಗೆ ಬಿದ್ದು ಆದ ಪದ.

ಅಬ್ರಕಡಬ್ರ: ರೋಮಿನ ಸೆರೆನಸ್ ಸಮೋನಿಕಸ್ ಇದನ್ನು ಜ್ವರಕ್ಕೆ ತಾಯಿತವಾಗಿ ಬರೆದುಕೊಟ್ಟ. ಗಾರುಡಿಗನಂತೆ ಇದೂ ವೈದ್ಯದಿಂದ ಆಟಕ್ಕೆ ಬಂದ ಮಾತು.

ಗಾರುಡಿ ಗೊಂಬೆ: ಬಿದಿರಿನ ಚೌಕಟ್ಟಿನ ಆಳೆತ್ತರ ಮೀರಿದ ಮೆರವಣಿಗೆಯ ಗೊಂಬೆ. ಕರಾವಳಿಯಲ್ಲಿ ತಟ್ಟಿರಾಯ.

---

ಹಗ್ಗ ಹತ್ತಿದವನು, ನೆಲದಲ್ಲಿ ನಿಂತವನು

ಗಾರುಡಿಗನನ್ನು ನಮ್ಮ ಹಿರಿಯರು ಬರೀ ಮನರಂಜನೆಗೆ ಬಿಟ್ಟಿರಲಿಲ್ಲ. ಶಂಕರಾಚಾರ್ಯರ ಬ್ರಹ್ಮಸೂತ್ರ ಭಾಷ್ಯದಲ್ಲಿ ಒಂದು ಹೋಲಿಕೆ ಬರುತ್ತದೆ. ಕತ್ತಿ-ಗುರಾಣಿ ಹಿಡಿದು ಹಗ್ಗ ಹತ್ತಿ ಆಕಾಶಕ್ಕೆ ಹೋಗುವ ಮಾಯಾವಿ ಬೇರೆ, ನಿಜವಾದ ಮಾಯಾವಿ ನೆಲದ ಮೇಲೇ ನಿಂತಿದ್ದಾನೆ. ಬ್ರಹ್ಮ ಮತ್ತು ತೋರಿಕೆಯ ಜಗತ್ತಿನ ಕಗ್ಗಂಟನ್ನು ಬಿಡಿಸಲು ಆಚಾರ್ಯರು ಬಯಲಲ್ಲಿ ಆಟ ತೋರಿಸುವವನನ್ನು ಕರೆದರು. ಆ ಆಟ ಕೇಳುಗರಿಗೆಲ್ಲ ಪರಿಚಿತವಾಗಿತ್ತೆಂದೇ ಈ ಹೋಲಿಕೆ ನಿಂತಿತು.

ವಿಕ್ರಮಾದಿತ್ಯನ ಸಿಂಹಾಸನದ ಗೊಂಬೆಗಳು ಹೇಳುವ ಕತೆಯಲ್ಲೂ ಒಬ್ಬ ಐಂದ್ರಜಾಲಿಕ ಆಕಾಶಕ್ಕೇರುತ್ತಾನೆ. ಮೇಲಿಂದ ಅವನ ಕೈಕಾಲು ಕಡಿದು ಬೀಳುತ್ತವೆ, ಸ್ವಲ್ಪ ಹೊತ್ತಿಗೆ ಅವನೇ ನಗುತ್ತಾ ಬಂದು ನಿಲ್ಲುತ್ತಾನೆ. ನಮ್ಮ ಹೊನ್ನಾವರದಲ್ಲಿ ತಂಗಿ ಹೋದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇಂಥದೇ ಆಟವನ್ನು ಮುಂದೆ ಚೀನಾದಲ್ಲಿ ಕಂಡೆನೆಂದು ಬರೆದಿದ್ದಾನೆ. ನೋಡಿ ಅವನ ಎದೆ ಹೊಡೆದುಕೊಂಡಿತಂತೆ. ಪಕ್ಕದಲ್ಲಿದ್ದ ಕಾಜಿ, ಹತ್ತಿದ್ದೂ ಇಲ್ಲ, ಇಳಿದದ್ದೂ ಇಲ್ಲ, ಎಲ್ಲ ಕಣ್ಕಟ್ಟು ಎಂದು ಸಮಾಧಾನ ಹೇಳಿದನಂತೆ.

ಈ ಹಗ್ಗದಾಟವನ್ನು ಭಾರತದ ಗುರುತಾಗಿ ಜಗತ್ತಿಗೆ ಹಬ್ಬಿಸಿದ್ದು ಮಾತ್ರ ಒಂದು ಪತ್ರಿಕೆಯ ಸುಳ್ಳು. 1890ರ ಆಗಸ್ಟಿನಲ್ಲಿ ‘ಶಿಕಾಗೊ ಟ್ರಿಬ್ಯೂನ್’ ಕಣ್ಣಾರೆ ಕಂಡವರ ವರದಿಯೆಂದು ಅದನ್ನು ಪ್ರಕಟಿಸಿತು. ನಾಲ್ಕು ತಿಂಗಳ ಬಳಿಕ ಕತೆ ಕಟ್ಟಿದ್ದಾಗಿ ಒಪ್ಪಿಕೊಂಡಿತು. ಒಪ್ಪಿಗೆಯನ್ನು ಯಾರೂ ಓದಲಿಲ್ಲ. ಸುಳ್ಳು ಇನ್ನೂ ಓಡುತ್ತಿದೆ.

ನಾಟಕದಲ್ಲೂ ಗಾರುಡಿಗನಿಗೆ ಪಾತ್ರವಿದೆ. ನಮ್ಮ ಇಮ್ಮಡಿ ಪುಲಕೇಶಿ ನರ್ಮದೆಯಲ್ಲಿ ತಡೆದು ನಿಲ್ಲಿಸಿದ ಹರ್ಷ ಬರೆದ ‘ರತ್ನಾವಳಿ’ಯ ಕೊನೆಯ ಅಂಕದಲ್ಲಿ ಐಂದ್ರಜಾಲಿಕ ಅರಮನೆಗೇ ಬೆಂಕಿ ಬಿದ್ದಂತೆ ತೋರಿಸುತ್ತಾನೆ. ಬೆಂಕಿಯೊಳಗೆ ನುಗ್ಗಿದ ದೊರೆ ಸೆರೆಯಲ್ಲಿದ್ದ ನಾಯಕಿಯನ್ನು ಹೊರತರುತ್ತಾನೆ, ಆಗ ಅವಳ ನಿಜ ಗುರುತು ಬಯಲಾಗುತ್ತದೆ. ಸುಳ್ಳು ಬೆಂಕಿ ಸತ್ಯವನ್ನು ಹೊರತಂದ ಈ ಪ್ರಸಂಗ ನನಗೆ ತುಂಬ ಇಷ್ಟ.

ತೋರಿಸುವವನು, ವಂಚಿಸುವವನು

ದೋಣಿಗಲ್‌ನ ಆ ಮನುಷ್ಯ ಆಟ ಮುಗಿಸುವ ಮುಂಚೆ ಒಂದು ಮಾತು ಹೇಳಿದ. “ಇದು ಮಂತ್ರ ಅಲ್ಲ ತಾಯಂದಿರಾ, ಬರೀ ಕೈಚಳಕ. ಹೊಟ್ಟೆಪಾಡು.”

ಈ ಮಾತಿನಲ್ಲಿ ಆ ಕಸುಬಿನ ಮರ್ಯಾದೆಯೆಲ್ಲ ಇದೆ. ಹಳೆಯ ಕನ್ನಡಿಗರು ಇದನ್ನು ಬಲ್ಲವರಾಗಿದ್ದರು. ಕಣ್ಕಟ್ಟು ಎಂಬ ಪದವನ್ನೇ ನೋಡಿ. ಕಟ್ಟಿದ್ದು ಕಣ್ಣನ್ನು, ಲೋಕವನ್ನಲ್ಲ ಎಂಬ ಎಚ್ಚರ ಅದರೊಳಗಿದೆ. ಗಾರುಡಿ, ಮೋಡಿ, ಕೈಚಳಕ ಒಂದು ಕಡೆ. ಮಾಟ, ಮಂಕುಬೂದಿ ಇನ್ನೊಂದು ಕಡೆ. ಬೆರಗುಗೊಳಿಸುವವನಿಗೆ ಒಂದು ಸಾಲು ಪದ, ಮರುಳು ಮಾಡಿ ದೋಚುವವನಿಗೆ ಇನ್ನೊಂದು ಸಾಲು. ಎಲ್ಲವನ್ನೂ ‘ಮ್ಯಾಜಿಕ್’ ಎಂಬ ಒಂದೇ ಡಬ್ಬಿಗೆ ತುಂಬಿದಾಗ ನಾವು ಕಳೆದುಕೊಳ್ಳುವುದು ಈ ವಿವೇಕವನ್ನು.

ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲಿ ಕಣ್ಕಟ್ಟಿನ ಗುಟ್ಟುಗಳನ್ನು ಬಿಚ್ಚಿಟ್ಟು ಪುಸ್ತಕ ಬರೆದದ್ದು ಇದೇ ಕಳಕಳಿಯಿಂದ. ಮಾಟಗಾತಿಯರೆಂದು ಬಡ ಮುದುಕಿಯರನ್ನು ಕೊಲ್ಲುತ್ತಿದ್ದ ಕಾಲ ಅದು. ನಮ್ಮಲ್ಲಿ ಭೌತವಿಜ್ಞಾನಿ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು. ಅಂಗೈಯಲ್ಲಿ ಬೂದಿ ಬರಿಸುವವರು ಪರೀಕ್ಷೆಗೆ ಬನ್ನಿ ಎಂದರು. ಹುಲಿಕಲ್ ನಟರಾಜ್ ಊರೂರು ತಿರುಗಿ ಪವಾಡಗಳ ಗುಟ್ಟು ಬಿಚ್ಚಿಡುತ್ತಾ ಬಂದಿದ್ದಾರೆ. ಅಮಾನವೀಯ ಆಚರಣೆ ಮತ್ತು ವಾಮಾಚಾರ ತಡೆಯುವ ರಾಜ್ಯದ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂತು. ಪ್ರಾಮಾಣಿಕ ಗಾರುಡಿಗ ಈ ಕೆಲಸದ ವಿರೋಧಿಯಲ್ಲ, ಮೊದಲ ಸಾಕ್ಷಿ.

ಆದರೆ ಕಾನೂನುಗಳು ಅವನ ಬದುಕಿನ ಮೇಲೂ ಬಿದ್ದಿವೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಊರೂರು ಅಲೆಯುವ ಅನೇಕ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟಿತು. 1952ರಲ್ಲಿ ಕಾಯ್ದೆ ಹೋಯಿತು, ಅನುಮಾನದ ಕಣ್ಣು ಹೋಗಲಿಲ್ಲ. 1972ರ ವನ್ಯಜೀವಿ ಕಾಯ್ದೆ ಹಾವಾಡಿಗರ ಬುಟ್ಟಿ ಮುಚ್ಚಿಸಿತು. ಹಾವುಗಳ ದೃಷ್ಟಿಯಿಂದ ಅದು ಸರಿಯೇ. ಬುಟ್ಟಿ ಹೊತ್ತವರಿಗೆ ಬದಲಿ ಅನ್ನದ ದಾರಿ ಮಾತ್ರ ಸರಿಯಾಗಿ ಸಿಗಲಿಲ್ಲ. ಕೈಚಳಕದ ಆಟಗಳಿಗೆ ಹೆಸರಾದ ಸುಡುಗಾಡು ಸಿದ್ಧರು ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಅವರ ಮಕ್ಕಳು ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಇರಬೇಕು. ಅವರ ಆಟ ಗೊತ್ತಿರುವ ಹಿರಿಯರ ಮುಂದೆ ಕ್ಯಾಮೆರಾ ಇಡುವ ಕೆಲಸ ಆದಷ್ಟು ಬೇಗ ಆಗಬೇಕು.

ಕವಿಯ ಹೆಗಲಿಗೆ

ಇಂಗ್ಲಿಷಿನಲ್ಲಿ ಜಗ್ಲರ್ ಪದಕ್ಕೆ ಅವಮಾನವೂ ಅಂಟಿತು. ಲೆಕ್ಕಪತ್ರ ತಿರುಚುವವನಿಗೂ ಅದೇ ಕ್ರಿಯಾಪದ. ಕನ್ನಡದಲ್ಲಿ ನಡೆದದ್ದು ಬೇರೆ. ಧಾರವಾಡದ ಕವಿ ದ.ರಾ. ಬೇಂದ್ರೆಯವರನ್ನು ಕನ್ನಡಿಗರು ‘ಶಬ್ದಗಾರುಡಿಗ’ ಎಂದು ಕರೆದರು. ಅವರ ‘ನಾಕುತಂತಿ’ಗೆ 1973ರ ಜ್ಞಾನಪೀಠ ಬಂತು, ಆದರೆ ಈ ಬಿರುದನ್ನು ಯಾವ ಸಮಿತಿಯೂ ಕೊಡಲಿಲ್ಲ, ಓದುಗರು ಕೊಟ್ಟರು.

ಯೋಚಿಸಿದಷ್ಟೂ ಈ ಬಿರುದಿನ ಔಚಿತ್ಯ ಹೆಚ್ಚುತ್ತದೆ. ನಾವು ದಿನಾ ಬಳಸಿ ಸವೆಸಿದ ಮಾತನ್ನೇ ಬೇಂದ್ರೆ ಎತ್ತಿಕೊಳ್ಳುತ್ತಾರೆ, ಕಣದ ಕಾಫಿ ಹಣ್ಣನ್ನು ಆ ಮನುಷ್ಯ ಎತ್ತಿಕೊಂಡಂತೆ. ಒಂದು ಅರ್ಥದ ಕೆಳಗೆ ಇಟ್ಟದ್ದು ಇನ್ನೊಂದರ ಕೆಳಗೆ ಸಿಗುತ್ತದೆ, ಕೊನೆಗೆ ನಮ್ಮ ಕಿವಿಯ ಹತ್ತಿರವೇ ಹೊರಬರುತ್ತದೆ. ಗಾರುಡಿಗ ಪದದ ಹಳೆಯ ಅರ್ಥವೂ ಇಲ್ಲಿ ಮರಳಿ ಬಂದಿದೆ. ಬೇಂದ್ರೆಯವರ ಬದುಕಿನಲ್ಲಿ ಮಕ್ಕಳ ಸಾವಿನ ನೋವಿತ್ತು. ಆ ನೋವನ್ನು ಅವರು ಹಾಡಾಗಿಸಿದರು. ವಿಷ ಇಳಿಸುವುದು ಎಂದರೆ ಇದೂ ಹೌದಲ್ಲವೇ?

ಆ ಮಧ್ಯಾಹ್ನ ಕೆಳಗಿನ ಹಳಿಯಲ್ಲಿ ರೈಲು ಕೂಗಿತು. ಸಕಲೇಶಪುರ ಬಿಟ್ಟು ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿಯಲ್ಲಿ ದೋಣಿಗಲ್ ಮೊದಲ ನಿಲ್ದಾಣ. ಅಲ್ಲಿಂದ ಮುಂದೆ ಸುರಂಗದ ಮೇಲೆ ಸುರಂಗ, ಘಾಟಿಯುದ್ದಕ್ಕೆ 57. ಕೂಗು ಒಮ್ಮೆ ಕೇಳಿ, ಒಮ್ಮೆ ಅಡಗಿ, ಮತ್ತೆ ದೂರದಲ್ಲಿ ಕೇಳಿತು. ಆ ಮನುಷ್ಯ ಬಟ್ಟಲು ಒಂದರೊಳಗೊಂದು ಸೇರಿಸಿ, ಬಟ್ಟೆ ಮಡಿಸಿ ಜೋಳಿಗೆಗೆ ಹಾಕಿಕೊಂಡ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಟ್ಟಳು. ಹುಡುಗ ಅವನ ಹಿಂದೆ ಹೆದ್ದಾರಿಯವರೆಗೂ ಹೋದ. ವಾಪಸು ಬಂದವನು ಅಂಗೈಯಲ್ಲಿ ಕಾಫಿ ಹಣ್ಣು ಅಡಗಿಸಲು ಕಲಿಯುತ್ತಾ ಕೂತ. ಹಣ್ಣು ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು.

ಜಾತ್ರೆಯ ತಿಂಗಳಲ್ಲಿ ನಿಮ್ಮೂರಿಗೂ ಅಂಥವನೊಬ್ಬ ಬಂದರೆ ಆಟ ಮುಗಿಯುವವರೆಗೂ ನಿಲ್ಲಿ. ಹಾಸಿದ ಬಟ್ಟೆಯ ಮೇಲೆ ಕೈಲಾದದ್ದು ಹಾಕಿ. ಜೊತೆಗಿರುವ ಮಗುವಿಗೆ ಅವನ ಹೆಸರು ಹೇಳಿಕೊಡಿ: ಗಾರುಡಿಗ.